ಗೇಮ್ ಮಷೀನ್‌ಗಳ ತೆರಿಗೆ: ನಿಮ್ಮ ಬಿಲ್ಲಿನಲ್ಲಿ ನಾವು ಮಾಡುತ್ತಿರುವ ಬದಲಾವಣೆ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಗೋವಾದ ಮಡಗಾಂವ್, ವಾಸ್ಕೊ, ಮಾಪುಸಾ ಕಡೆಯ ಗೇಮ್ ಪಾರ್ಲರಿನವರು, ಮಷೀನ್ ಸರ್ವಿಸ್ ಮಾಡುವ ನಮ್ಮನ್ನು ಜಿಎಸ್‌ಟಿ ಬಗ್ಗೆ ಕೇಳುತ್ತಿರುವುದು ಒಂದೇ ಮಾತು: "ನಮಗೂ 40 ಪರ್ಸೆಂಟ್ ಬಂತಾ?" ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 28 ಇದ್ದದ್ದು ಶೇ 40 ಆಗಿರುವುದು ಕ್ಯಾಸಿನೊ, ಕುದುರೆ ರೇಸ್, ಲಾಟರಿ, ಜೂಜಿಗೆ. ಮಾಂಡವಿ ನದಿಯ ಕ್ಯಾಸಿನೊ ಹಡಗುಗಳು, ಪಂಚತಾರಾ ಹೋಟೆಲಿನ ಸ್ಲಾಟ್ ಮಷೀನ್‌ಗಳು ಅದರಲ್ಲಿ ಬರುತ್ತವೆ. ಮಕ್ಕಳು ಆಡುವ ಏರ್ ಹಾಕಿ, ಬಾಸ್ಕೆಟ್‌ಬಾಲ್, ಕಾರ್ ರೇಸಿಗೆ ಮೊದಲಿನ ಶೇ 18 ಹಾಗೇ ಇದೆ: ಕೇಂದ್ರದ್ದು 9, ಗೋವಾದ್ದು 9.

ಎಡವಟ್ಟಾಗುವುದು ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ. "ಗೇಮಿಂಗ್" ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ಹಾಕಿಟ್ಟಿದ್ದರೆ, ದರ ಅಪ್‌ಡೇಟ್ ಮಾಡಿದ ಕೂಡಲೇ ಇಡೀ ಗುಂಪು 40ಕ್ಕೆ ಹೋಗಿಬಿಡುತ್ತದೆ. ತೆರಿಗೆ ಸೇರಿ 100 ರೂಪಾಯಿಯ ಕಾರ್ಡಿನಲ್ಲಿ ಶೇ 18ರಂತೆ ತೆರಿಗೆ 15.25, ಶೇ 40ರಂತೆ 28.57. ಮಗು ಕೊಡುವುದು ಅದೇ ನೂರು, ಕಳೆದುಕೊಳ್ಳುವವರು ನೀವು. ತೆರಿಗೆ ಎಂದು ಬಿಲ್ಲಿನಲ್ಲಿ ಹಾಕಿ ವಸೂಲಿ ಮಾಡಿದ ಹಣವನ್ನು ಸರ್ಕಾರಕ್ಕೆ ಕಟ್ಟಲೇಬೇಕು, ತಪ್ಪಾಗಿ ಹಾಕಿದ್ದೆವು ಎಂದು ಗಲ್ಲಾದಲ್ಲಿ ಉಳಿಸಿಕೊಳ್ಳುವಂತಿಲ್ಲ.

ಅದಕ್ಕೆ ಈ ಸಲದ ಸರ್ವಿಸಿಗೆ ಬಂದಾಗ ನಮ್ಮ ಹುಡುಗರು ನಿಮ್ಮ ಐಟಂ ಪಟ್ಟಿಯನ್ನು ಬಿಡಿಸಿ ಬರೆಯುತ್ತಾರೆ. ಆಟ ಒಂದು ಕಡೆ, ಜಿಎಸ್‌ಟಿಯ ಸೇವಾ ಕೋಡ್ 999693, ಶೇ 18. ಜೂಜಿನ ಕೋಡ್ 999692, ಕೊನೆಯ ಒಂದೇ ಅಂಕಿ ಬೇರೆ, ದಯವಿಟ್ಟು ಕಣ್ಣಿಟ್ಟು ನೋಡಿ. ಪಾನೀಯ ಇನ್ನೊಂದು ಕಡೆ. ನಿಮ್ಮ ಅಂಗಡಿಯಲ್ಲಿ ನಿಜವಾಗಿ ಶೇ 40 ಇರುವುದು ಫ್ರಿಜ್ಜಿನಲ್ಲಿ: ಬಾಟ್ಲಿಯಲ್ಲಿ ಮಾರುವ ಸಿಹಿ ಗ್ಯಾಸಿನ ತಂಪು ಪಾನೀಯಕ್ಕೆ ಈಗ ಅದೇ ದರ. "150ಕ್ಕೆ ಐದು ಆಟ, ಒಂದು ಕೋಲಾ" ಎಂದು ಒಂದೇ ಬೆಲೆಗೆ ಸೇರಿಸಿ ಕೊಟ್ಟರೆ ಕಾನೂನು ಅದನ್ನು ಮಿಶ್ರ ಪೂರೈಕೆ ಎನ್ನುತ್ತದೆ; ಆಗ ಪೂರಾ 150 ರೂಪಾಯಿಗೂ ಕೋಲಾದ ಶೇ 40ರ ದರವೇ ಬೀಳುತ್ತದೆ. ಇಂಥ ಕಾಂಬೊ ಬೋರ್ಡುಗಳನ್ನು ಇವತ್ತೇ ಇಳಿಸಿ. ಆಟಕ್ಕೆ ಒಂದು ಬೆಲೆ, ಕೋಲಾಕ್ಕೆ ಒಂದು ಬೆಲೆ, ಬಿಲ್ಲಿನಲ್ಲಿ ಎರಡು ಸಾಲು.

200 ರೂಪಾಯಿ ಒಳಗಿನ ಆಟಕ್ಕೆ ಗಿರಾಕಿ ಕೇಳದಿದ್ದರೆ ಬಿಡಿ ಬಿಲ್ ಬೇಕಿಲ್ಲ, ರಾತ್ರಿ ಒಟ್ಟು ಸೇರಿಸಿ ಒಂದು ಬಿಲ್ ಸಾಕು. ಆ ಬಿಲ್ಲಿಗೆ ಆಧಾರ ಮಷೀನಿನ ಒಳಗೆ ಟೋಕನ್ ಎಣಿಸುವ ಕಾಯಿನ್ ಮೀಟರ್. ಬೆಳಿಗ್ಗೆ 18,420, ರಾತ್ರಿ 18,655 ಎಂದಿಟ್ಟುಕೊಳ್ಳಿ. 235 ಟೋಕನ್, 20 ರೂಪಾಯಿಯಂತೆ 4,700. ಇದರಲ್ಲಿ ತೆರಿಗೆ 716.95. ಮೀಟರಿಗಿಂತ ಗಲ್ಲಾದಲ್ಲಿ ಕಡಿಮೆ ಬಂದರೆ ಕೂಡಲೇ ಕೆಲಸದ ಹುಡುಗನ ಮೇಲೆ ಅನುಮಾನ ಪಡಬೇಡಿ. ಮೊದಲು ಐದು ಟೋಕನ್ ಹಾಕಿ ನೋಡಿ. ಮೀಟರ್ ಹತ್ತು ಏರಿದರೆ ಅಕ್ಸೆಪ್ಟರಿನ (ಟೋಕನ್ ತೆಗೆದುಕೊಳ್ಳುವ ಭಾಗದ) ಪಲ್ಸ್ ಸೆಟ್ಟಿಂಗ್ ಎರಡಕ್ಕೆ ನಿಂತಿದೆ, ಅಂದರೆ ಒಂದು ಟೋಕನನ್ನು ಎರಡೆಂದು ಎಣಿಸುತ್ತಿದೆ. ಬೋರ್ಡ್ ಬದಲಿಸಿದ ಮೇಲೆ ಹೀಗಾಗುವುದುಂಟು. ಆರೋ ಏಳೋ ಏರಿದರೆ ಸೆನ್ಸರಿಗೆ ಧೂಳು ಹಿಡಿದಿದೆ. ಒಣ ಬ್ರಷ್ಷಿನಿಂದ ಒರೆಸಿ, ಎಣ್ಣೆ ಸ್ಪ್ರೇ ಮಾತ್ರ ಬೇಡ. ಕಡಲ ಗಾಳಿಯ ತೇವಕ್ಕೆ ಎಣ್ಣೆ ಸೇರಿದರೆ ಧೂಳು ಮೇಣದ ಹಾಗೆ ಅಂಟುತ್ತದೆ. ಟೆಸ್ಟ್ ಆಟಕ್ಕೆ ಟೋಕನ್ ಬಳಸದೆ ಒಳಗಿನ ಸರ್ವಿಸ್ ಬಟನ್ ಒತ್ತಿ. ಇನ್ನು ಮುಂದೆ ಪ್ರತಿ ಸರ್ವಿಸ್ ಚೀಟಿಯಲ್ಲಿ ಮೀಟರ್ ಅಂಕಿ ಬರೆದು ನಿಮ್ಮ ಸಹಿ ಪಡೆಯುತ್ತೇವೆ. ಮೀಟರನ್ನು ಸೊನ್ನೆಗೆ ತಿರುಗಿಸಿಕೊಡುವ ಕೆಲಸವನ್ನು ಯಾರಿಗೂ ಮಾಡುವುದಿಲ್ಲ.

ಗೆದ್ದ ಟಿಕೆಟಿಗೆ ಪೆನ್ಸಿಲ್ಲೋ ಬೊಂಬೆಯೋ ಕೊಡಿ, ನಗದು ಕೊಡಬೇಡಿ. 1976ರ ಗೋವಾ ಜೂಜು ಕಾಯ್ದೆಯ 13ಎ ಕಲಮಿನಂತೆ ಸರ್ಕಾರ ಸ್ಲಾಟ್ ಮಷೀನಿಗೆ ಅನುಮತಿ ಕೊಡುವುದು ಪಂಚತಾರಾ ಹೋಟೆಲುಗಳಲ್ಲಿ. ಬಜಾರಿನ ಪಾರ್ಲರಿಗೆ ಆ ದಾರಿಯಿಲ್ಲ. ನಗದು ಹಿಂತಿರುಗಿಸುವಂತೆ ಮಾರ್ಪಡಿಸಿದ ಮಷೀನ್ ಕಂಡರೆ ನಾವು ಸರ್ವಿಸ್ ಮಾಡುವುದಿಲ್ಲ. ನಮ್ಮ ವಾರ್ಷಿಕ ಸರ್ವಿಸ್ ಚಾರ್ಜ್ ಮತ್ತು ಅದರ ಮೇಲಿನ ಶೇ 18 ಮೊದಲಿನಂತೆಯೇ ಇರುತ್ತದೆ.

ನಾವು ಸರ್ವಿಸಿಗೆ ಬರುವ ದಿನ 2025ರ ಸೆಪ್ಟೆಂಬರ್ 22ರಿಂದೀಚಿನ ದಿನದ ಬಿಲ್ಲುಗಳನ್ನು ತೆಗೆದಿಟ್ಟಿರಿ.

ನಿಮ್ಮ ವಿಶ್ವಾಸಿಗಳು,
ಸರ್ವಿಸ್ ಮತ್ತು ಬಿಲ್ಲಿಂಗ್ ವಿಭಾಗ, ಮಡಗಾಂವ್