ಚಂದಾ ಮುಗಿದರೂ ಲೆಕ್ಕದ ಪುಸ್ತಕ ವ್ಯಾಪಾರಿಯ ಕೈಯಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಣ್ಣ ಕೈಗಾರಿಕೆಗಳ ಮತ್ತು ಅಂಗಡಿಗಳ ತೆರಿಗೆ ಲೆಕ್ಕ ನೋಡಿಕೊಳ್ಳುತ್ತಿರುವ ನಾನು, ವ್ಯವಹಾರದ ಲೆಕ್ಕಪತ್ರಗಳು ಒಂದೊಂದಾಗಿ ಚಂದಾ ಆಧಾರಿತ ಕ್ಲೌಡ್ ತಂತ್ರಾಂಶಗಳಿಗೆ (ಇಂಟರ್ನೆಟ್ ಮೂಲಕ ಬೇರೊಂದು ಕಂಪನಿಯ ಸರ್ವರಿನಲ್ಲಿ ಲೆಕ್ಕ ಇಡುವಂಥವು) ಹೋಗುತ್ತಿರುವ ಈ ಹೊತ್ತಿನಲ್ಲಿ ಒಂದು ಪ್ರಶ್ನೆಯನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮತ್ತು ಸರ್ಕಾರದ ಮುಂದಿಡಲು ಬಯಸುತ್ತೇನೆ. ಚಂದಾ ನಿಂತ ಮರುದಿನ ಆ ಲೆಕ್ಕ ಯಾರದ್ದು?

ಕಳೆದ ವರ್ಷ, ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ಬಿಡಿಭಾಗ ತಯಾರಿಸುವ ನನ್ನ ಕಕ್ಷಿದಾರರೊಬ್ಬರಿಗೆ 2021–22ನೇ ಸಾಲಿನ ಜಿಎಸ್‌ಟಿ ಬಗ್ಗೆ ನೋಟಿಸ್ ಬಂತು. ಉತ್ತರಿಸಲು 30 ದಿನಗಳ ಅವಕಾಶವಿತ್ತು. ಆ ಸಾಲಿನ ಖರೀದಿ ಬಿಲ್ಲು, ಲೆಡ್ಜರ್, ಸ್ಟಾಕಿನ ವಿವರ ಎಲ್ಲವೂ ಒಂದು ಕ್ಲೌಡ್ ತಂತ್ರಾಂಶದಲ್ಲಿದ್ದವು. ಆದರೆ ರಿನ್ಯೂವಲ್ ದರ ಕೈಗೆಟುಕದಷ್ಟು ಏರಿದ್ದರಿಂದ ಅವರು ಅದಾಗಲೇ ಅದನ್ನು ಬಿಟ್ಟು ಬೇರೊಂದಕ್ಕೆ ಹೋಗಿದ್ದರು. ಬಿಡುವಾಗ ಅವರ ಕೈಗೆ ಬಂದದ್ದು ವರ್ಷಾಂತ್ಯದ ಶಿಲ್ಕು ತೋರಿಸುವ ಎಕ್ಸೆಲ್ ಹಾಳೆಗಳು ಮತ್ತು ಒಂದಿಷ್ಟು ಪಿಡಿಎಫ್ ಕಡತಗಳು ಮಾತ್ರ. ಯಾವ ಪಾವತಿ ಯಾವ ಬಿಲ್ಲಿಗೆ ಸಂದಿತ್ತು ಎಂಬ ವಿವರವಾಗಲಿ, ಬಿಲ್ಲಿಗೆ ಲಗತ್ತಿಸಿದ್ದ ಪ್ರತಿಗಳಾಗಲಿ ಅದರಲ್ಲಿರಲಿಲ್ಲ. ಕೊನೆಗೆ ಇಡೀ ವರ್ಷದ ಚಂದಾ ಕಟ್ಟಿ, ಹಳೆಯ ಲಾಗಿನ್ ತೆರೆಸಿಕೊಂಡು, ಮೂರು ದಿನ ಕೂತು ಬೇಕಾದುದನ್ನೆಲ್ಲ ಇಳಿಸಿಕೊಂಡೆವು. ತಮ್ಮದೇ ಕಾರ್ಖಾನೆಯ ಲೆಕ್ಕ ನೋಡಲು ಅವರು ಕಟ್ಟಿದ ಹಣ ಇಬ್ಬರು ಕೆಲಸಗಾರರ ಒಂದು ತಿಂಗಳ ಸಂಬಳದಷ್ಟಿತ್ತು.

ಕಾನೂನು ಈ ವಿಷಯದಲ್ಲಿ ವ್ಯಾಪಾರಿಗೆ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ಕಂಪನಿಯಾಗಿದ್ದರೆ ಕಂಪನಿ ಕಾಯ್ದೆಯಡಿ 8 ಹಣಕಾಸು ವರ್ಷಗಳ ಪುಸ್ತಕಗಳನ್ನು ಇಟ್ಟುಕೊಂಡಿರಬೇಕು. ಆದರೆ ಅನೇಕ ತಂತ್ರಾಂಶಗಳ ಕರಾರಿನಲ್ಲಿ ಚಂದಾ ಮುಗಿದ ಮೇಲೆ ಡೇಟಾ ಉಳಿಯುವುದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಕಾಯ್ದಿಡುವ ಹೊಣೆ ವ್ಯಾಪಾರಿಯದು, ಬೀಗದ ಕೈ ಮಾತ್ರ ಇನ್ನೊಬ್ಬರದು ಎಂಬ ಈ ಸ್ಥಿತಿಯನ್ನು ಸರಿಪಡಿಸದೆ ಎಲ್ಲರನ್ನೂ ಡಿಜಿಟಲ್ ಲೆಕ್ಕಕ್ಕೆ ಕರೆಯುವುದು ನ್ಯಾಯವಲ್ಲ.

ನಾನು ಕ್ಲೌಡ್ ತಂತ್ರಾಂಶದ ವಿರೋಧಿಯಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾಗಿ ಬಹುಪಾಲು ಸರಕುಗಳು ಶೇ 5 ಮತ್ತು ಶೇ 18ರ ಹಂತಗಳಿಗೆ ಬಂದಾಗ, ಇಂಥ ತಂತ್ರಾಂಶ ಬಳಸುವವರ ಕೆಲಸ ಎಷ್ಟು ಹಗುರವಾಯಿತೆಂಬುದನ್ನು ನಾನೇ ಕಂಡಿದ್ದೇನೆ. ವಹಿವಾಟು 500 ಕೋಟಿ ರೂಪಾಯಿ ಮೀರಿದವರಿಗೆ 2020ರ ಅಕ್ಟೋಬರ್‌ನಲ್ಲಿ ಕಡ್ಡಾಯವಾದ, ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯಿಸಿತು. ಇನ್ನು ಕಿರ್ದಿ ಪುಸ್ತಕಕ್ಕೆ ಮರಳುವ ಮಾತೇ ಇಲ್ಲ. ಆದ್ದರಿಂದಲೇ ಈ ಪ್ರಶ್ನೆ ತುರ್ತಿನದಾಗಿದೆ.

ಒಮ್ಮೆ ಹಣ ಕೊಟ್ಟು ತಂತ್ರಾಂಶವನ್ನು ಕೊಳ್ಳುವ ಆಯ್ಕೆಯೂ ಕಿರಿದಾಗುತ್ತಿದೆ. ಅಡೋಬ್ ಸಂಸ್ಥೆ 2013ರಲ್ಲೇ ತನ್ನ ವಿನ್ಯಾಸ ತಂತ್ರಾಂಶಗಳ ಮುಂದಿನ ಆವೃತ್ತಿಗಳನ್ನು ಚಂದಾಕ್ಕೆ ಮಾತ್ರ ಕೊಡುವುದಾಗಿ ಘೋಷಿಸಿತು. 2023ರ ನವೆಂಬರ್‌ನಲ್ಲಿ ಸರ್ವರ್ ತಂತ್ರಾಂಶ ತಯಾರಿಸುವ ವಿಎಂವೇರ್ ಅನ್ನು ಕೊಂಡ ಬ್ರಾಡ್‌ಕಾಮ್, ಮರು ತಿಂಗಳೇ ಶಾಶ್ವತ ಲೈಸೆನ್ಸ್‌ಗಳ ಮಾರಾಟವನ್ನು ನಿಲ್ಲಿಸಿತು. ನಮ್ಮ ಬೆಂಗಳೂರಿನ ಲೆಕ್ಕ ತಂತ್ರಾಂಶ ಕಂಪನಿ ಟ್ಯಾಲಿ ಶಾಶ್ವತ ಲೈಸೆನ್ಸನ್ನು ಉಳಿಸಿಕೊಂಡಿದೆ. ಅದರ ವಾರ್ಷಿಕ ಸೇವೆಯನ್ನು ನವೀಕರಿಸದಿದ್ದರೂ ಹಳೆಯ ಲೆಕ್ಕವನ್ನು ತೆರೆದು ನೋಡಬಹುದು. ಈ ಒಂದು ಗುಣವನ್ನು ಉಳಿದವರೂ ಅನುಸರಿಸಬೇಕೆಂದು ನಾನು ಕೇಳುತ್ತಿದ್ದೇನೆ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ತಲೆಗಿಷ್ಟು ಎಂದು ಚಂದಾ ವಿಧಿಸುವುದರಿಂದ, ಸಣ್ಣ ಕಚೇರಿಗಳಲ್ಲಿ ನಾಲ್ಕೈದು ಮಂದಿ ಒಂದೇ ಪಾಸ್‌ವರ್ಡ್ ಹಂಚಿಕೊಂಡು ಕೆಲಸ ಮಾಡುವುದು ಸಾಮಾನ್ಯವಾಗಿದೆ. ಕಂಪನಿಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ಗುಮಾಸ್ತರು, ಸ್ಟೋರ್ಸ್ ನೋಡುವವರು, ಯಜಮಾನರ ಮಗ ಎಲ್ಲರೂ ಒಂದೇ ಹೆಸರಿನಲ್ಲಿ ಒಳಹೋದರೆ ಆ ದಾಖಲೆಯಿಂದ ಆಡಿಟರ್‌ಗೆ ಏನು ತಿಳಿಯುತ್ತದೆ? ಇದು ತಪ್ಪೆಂದು ನಾನು ಪ್ರತಿ ವರ್ಷ ಹೇಳುತ್ತೇನೆ. ಇನ್ನೆರಡು ಲಾಗಿನ್‌ಗಳ ದರ ಕೇಳಿದ ಕೂಡಲೇ ಮಾತು ಅಲ್ಲಿಗೇ ನಿಲ್ಲುತ್ತದೆ.

ಇದು ಸಣ್ಣವರ ಕಷ್ಟ ಮಾತ್ರವೆಂದೂ ಭಾವಿಸಬಾರದು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಯ ಮೇಲೆ 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿದ ಬೆನ್ನಲ್ಲೇ, ಮೈಕ್ರೋಸಾಫ್ಟ್ ಆ ಕಂಪನಿಗೆ ಕೊಡುತ್ತಿದ್ದ ಸೇವೆಗಳನ್ನು ತಡೆಹಿಡಿಯಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, ಕೆಲವೇ ದಿನಗಳಲ್ಲಿ ಸೇವೆ ಮರಳಿತು. ನಮ್ಮ ತಾರಿಹಾಳದ ಅಥವಾ ದಾವಣಗೆರೆಯ ಉದ್ಯಮಿಗೆ ಹೈಕೋರ್ಟಿನ ಬಾಗಿಲು ಬಡಿಯುವುದು ಅಷ್ಟು ಸುಲಭವಲ್ಲ.

ಅದೇ ಐರೋಪ್ಯ ಒಕ್ಕೂಟದಲ್ಲಿ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿರುವ ದತ್ತಾಂಶ ಕಾಯ್ದೆಯು, ಗ್ರಾಹಕರು ಒಂದು ಕ್ಲೌಡ್ ಸೇವೆಯಿಂದ ಇನ್ನೊಂದಕ್ಕೆ ಹೋಗುವಾಗ ತಮ್ಮ ಡೇಟಾವನ್ನು ಕೊಂಡೊಯ್ಯುವ ಹಕ್ಕು ನೀಡಿದೆ. ಹೀಗೆ ಬದಲಿಸಲು ವಿಧಿಸುವ ಶುಲ್ಕವೂ 2027ರ ಜನವರಿ 12ರಿಂದ ರದ್ದಾಗಲಿದೆ. ನಮ್ಮಲ್ಲಿ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಹೆಸರೇ ಹೇಳುವಂತೆ, ವ್ಯಕ್ತಿಗಳ ಮಾಹಿತಿಗೆ ಸಂಬಂಧಿಸಿದ್ದು. ಕಾರ್ಖಾನೆಯ ಲೆಡ್ಜರ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಕೇಂದ್ರ ಸರ್ಕಾರವು ಲೆಕ್ಕ ತಂತ್ರಾಂಶಗಳಿಗಾದರೂ ಪ್ರತ್ಯೇಕ ನಿಯಮ ರೂಪಿಸಿ, ಕಾನೂನು ಲೆಕ್ಕಪತ್ರಗಳನ್ನು ಇಟ್ಟುಕೊಳ್ಳಬೇಕೆಂದು ಹೇಳುವಷ್ಟು ಕಾಲವೂ ಗ್ರಾಹಕರು ಅವನ್ನು ತೆರೆದು ಓದುವಂತಿರಬೇಕು, ಬಿಟ್ಟುಹೋಗುವಾಗ ಬಿಲ್ಲು, ಲಗತ್ತು, ತಿದ್ದುಪಡಿ ದಾಖಲೆ ಸಮೇತ ಎಲ್ಲವೂ ಬೇರೆ ತಂತ್ರಾಂಶಕ್ಕೆ ಸೇರಿಸಬಲ್ಲ ರೂಪದಲ್ಲಿ ಸಿಗಬೇಕು, ದರ ಏರಿಕೆಯ ಸೂಚನೆ ಕನಿಷ್ಠ 90 ದಿನ ಮೊದಲೇ ಬರಬೇಕು ಎಂದು ಕಡ್ಡಾಯಗೊಳಿಸಬೇಕೆಂಬುದು ನನ್ನ ವಿನಂತಿ.

ಅಲ್ಲಿಯವರೆಗೆ ಉದ್ಯಮಿಗಳು ಪ್ರತಿ ತಿಂಗಳ ರಿಟರ್ನ್ ಸಲ್ಲಿಸಿದ ದಿನವೇ ಲೆಡ್ಜರ್, ಬಿಲ್ಲು ಮತ್ತು ಸ್ಟಾಕಿನ ಪೂರ್ಣ ಪ್ರತಿಯನ್ನು ಇಳಿಸಿಕೊಂಡು ತಮ್ಮ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಮತ್ತು ಬೆಂಗಳೂರಿನ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಒಟ್ಟಾಗಿ ಕನ್ನಡದಲ್ಲಿ ಒಂದು ಮಾದರಿ ಕರಾರು ಸಿದ್ಧಪಡಿಸಿದರೆ, ಹತ್ತಾರು ಪುಟಗಳ ಇಂಗ್ಲಿಷ್ ಷರತ್ತುಗಳನ್ನು ಓದದೆ ಒಪ್ಪಿಗೆಯ ಗುಂಡಿ ಒತ್ತುತ್ತಿರುವ ಸಾವಿರಾರು ಸದಸ್ಯರು ಸಹಿ ಹಾಕುವ ಮುನ್ನ ಏನು ಕೇಳಬೇಕೆಂದು ತಿಳಿದುಕೊಳ್ಳುತ್ತಾರೆ. ಆ ಕರಡು ಬರೆಯುವ ಕೆಲಸಕ್ಕೆ ನನ್ನಂಥವರು ಸಂಭಾವನೆಯಿಲ್ಲದೆ ಸಮಯ ಕೊಡಲು ಸಿದ್ಧರಿದ್ದೇವೆ.

– ಒಬ್ಬ ತೆರಿಗೆ ಸಲಹೆಗಾರ, ಹುಬ್ಬಳ್ಳಿ