ಅಂಗಳವಿಲ್ಲದವರಿಗೆ ಒಂದು ಏರುಮಡಿ: ದೇಣಿಗೆ ಮನವಿ

ಮಾನ್ಯರೇ,

ಹಾಸನದ ನಮ್ಮ ಶಾಲೆಯ ಹಿಂದೆ ಹತ್ತು ಗುಂಟೆ ಖಾಲಿ ಜಾಗವಿದೆ. ಸುತ್ತಮುತ್ತಲಿನ ಬಾಡಿಗೆ ವಠಾರಗಳಲ್ಲಿರುವ 40 ಕುಟುಂಬಗಳಿಗೆ ಅದನ್ನು ಸೊಪ್ಪು, ತರಕಾರಿ ಬೆಳೆದುಕೊಳ್ಳಲು ಹಂಚಿಕೊಡುವ ಕೆಲಸವನ್ನು ಕಳೆದ ವರ್ಷ ಆರಂಭಿಸಿದೆವು. 12 ಮಡಿಗಳಲ್ಲಿ ಬೆಳೆ ನಿಂತಿದೆ. ಉಳಿದ 28ಕ್ಕೆ ಹಣವಿಲ್ಲ. ಅದಕ್ಕಾಗಿ ಈ ಪತ್ರ.

ಇದೆಲ್ಲ ಶುರುವಾದದ್ದು ಒಂದು ಪೇಂಟ್ ಡಬ್ಬದಿಂದ. ಆರನೇ ತರಗತಿಯ ಹುಡುಗಿಯೊಬ್ಬಳು ಒಂದು ಬೆಳಿಗ್ಗೆ ದೊಡ್ಡಪತ್ರೆ ನೆಟ್ಟಿದ್ದ ಹಳೆಯ ಡಬ್ಬವನ್ನು ಎರಡೂ ಕೈಗಳಲ್ಲಿ ಅಪ್ಪಿಕೊಂಡು ಶಾಲೆಗೆ ಬಂದಳು. ಮನೆಯ ಮೆಟ್ಟಿಲ ಬಳಿ ಇಟ್ಟಿದ್ದರಂತೆ. ಗೋಡೆ ತೇವ ಹಿಡಿಯುತ್ತದೆ, ತೆಗೆಯಿರಿ ಎಂದು ಮಾಲೀಕರು ಹೇಳಿದರಂತೆ. "ಎಸೆಯಲು ಮನಸ್ಸು ಬರಲಿಲ್ಲ ಮಿಸ್, ಇಲ್ಲಿ ಇಟ್ಟುಕೊಳ್ಳಿ" ಎಂದಳು. ಕಚೇರಿಯ ಕಿಟಕಿಯ ಕೆಳಗೆ ಇಟ್ಟುಕೊಂಡೆವು.

ಸಂಜೆ ಅವಳ ತಾಯಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಮಗಳನ್ನು ಕರೆದೊಯ್ಯಲು ಬಂದರು. ಗಿಡ ನೋಡಿದರು, ಹಾಗೆಯೇ ಹಿಂದಿನ ಜಾಗವನ್ನೂ ನೋಡಿದರು. ಅರಕಲಗೂಡು ಕಡೆಯವರು. ಆಲೂಗಡ್ಡೆ ಬೆಳೆಯುತ್ತಿದ್ದ ಮನೆ. ಅಂಗಮಾರಿ ರೋಗದಿಂದ ಎರಡು ಬೆಳೆ ಕೈಕೊಟ್ಟ ಮೇಲೆ ಊರು ಬಿಟ್ಟಿದ್ದರು. ಕುಕ್ಕರಗಾಲಿನಲ್ಲಿ ಕುಳಿತು ಬೆರಳಿನಿಂದ ಮಣ್ಣು ಕೆದಕಿದರು, ಮುಷ್ಟಿಯಲ್ಲಿ ಒತ್ತಿ ಬಿಟ್ಟರು, ಮೂಸಿದರು. "ಕಟ್ಟಡದ ಕಸ ತುಂಬಿದ ಮಣ್ಣು ಮೇಡಂ. ಆದರೂ ಒಂದು ವರ್ಷ ಗೊಬ್ಬರ ಉಣಿಸಿದರೆ ಬರುತ್ತದೆ" ಎಂದರು. ಇಪ್ಪತ್ತು ವರ್ಷ ಆ ಜಾಗದ ಪಕ್ಕದಲ್ಲೇ ಪಾಠ ಮಾಡಿದ ನನಗೆ ಅದು ಗೊತ್ತಿರಲಿಲ್ಲ.

ನಮ್ಮ ಊರಿನಲ್ಲಿ ತಾರಸಿ ತೋಟ ಮಾಡಿಕೊಂಡವರು ಅನೇಕರಿದ್ದಾರೆ. ನೋಡಿದರೆ ಸಂತೋಷವಾಗುತ್ತದೆ. ಆದರೆ ಅದಕ್ಕೆ ಮೊದಲು ಸ್ವಂತ ತಾರಸಿ ಇರಬೇಕು. ಬೇಸಾಯ ಬಲ್ಲ ಎಷ್ಟೋ ಜನ, ಹಳ್ಳಿಯಿಂದ ಬಂದು ಹೋಟೆಲಿನಲ್ಲಿ, ಗಾರ್ಮೆಂಟ್ಸಿನಲ್ಲಿ, ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತ, ಬೆಳಗಿನ ಜಾವ ಬೀದಿ ಗುಡಿಸುತ್ತ ದುಡಿಯುವವರು, ಒಂದೇ ಕೋಣೆಯ ಮನೆಗಳಲ್ಲಿದ್ದಾರೆ. ಕೈ ಕೆಸರು ಮಾಡಿಕೊಳ್ಳಲು ಅವರು ಸಿದ್ಧ. ಅವರಿಗೆ ಕೆಸರೇ ಇಲ್ಲ. ಆ ಕೆಸರನ್ನು ಒದಗಿಸಿಕೊಡಿ ಎಂಬುದಷ್ಟೇ ನನ್ನ ಬೇಡಿಕೆ.

ಬ್ರಿಟನ್ನಿನಲ್ಲಿ ಇದಕ್ಕಾಗಿ 1908ರಲ್ಲೇ ಕಾಯ್ದೆ ಬಂತು. ಬೇಡಿಕೆ ಇರುವ ಕಡೆ ನಿವಾಸಿಗಳಿಗೆ ತೋಟದ ತುಂಡು ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯವಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಎಣ್ಣೆ, ರಸಗೊಬ್ಬರದ ಸರಬರಾಜು ಕುಸಿದಾಗ ಕ್ಯೂಬಾದ ಹವಾನಾ ನಗರದ ಜನ ಖಾಲಿ ನಿವೇಶನಗಳಲ್ಲಿ ಅಂಚು ಕಟ್ಟಿ ಮಣ್ಣು ತುಂಬಿ ತರಕಾರಿ ಬೆಳೆದರು. ನಾವು ಕಟ್ಟುತ್ತಿರುವುದೂ ಅಂಥದ್ದೇ ಏರುಮಡಿ.

ಏರುಮಡಿ ಏಕೆ ಎಂದು ಕೇಳುವಿರಿ. ಮೊದಲ ಬಾರಿ ನೆಲಕ್ಕೇ ಬೀಜ ಹಾಕಿ ಸೋತೆವು. ಅರ್ಧ ಅಡಿ ಅಗೆಯುವಷ್ಟರಲ್ಲಿ ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ. ಮೆಂತ್ಯ ಹಳದಿಯಾಗಿ ಕುಳಿತುಬಿಟ್ಟಿತು. ಪೇಟೆಯ ಮಣ್ಣಿನಲ್ಲಿ ಹಳೆಯ ಬಣ್ಣದ, ವಾಹನದ ಹೊಗೆಯ ಸೀಸವೂ ಸೇರಿರಬಹುದು. ಮಕ್ಕಳು ತಿನ್ನುವ ಸೊಪ್ಪಿನ ವಿಷಯದಲ್ಲಿ ಅಂಥ ಅಪಾಯಕ್ಕೆ ಕೈ ಹಾಕಬಾರದು. ಆದ್ದರಿಂದ ಒಂದು ಅಡಿ ಎತ್ತರ ಇಟ್ಟಿಗೆ ಕಟ್ಟಿ ಕೆಂಪು ಮಣ್ಣು, ಕೆರೆಗೋಡು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬುತ್ತೇವೆ. ಉದ್ದ ಹತ್ತು ಅಡಿ, ಅಗಲ ನಾಲ್ಕೇ ಅಡಿ. ಅದಕ್ಕಿಂತ ಅಗಲವಾದರೆ ನಡುವಿನ ಕಳೆಗೆ ಕೈ ಎಟುಕದೆ ಮಡಿಯೊಳಗೆ ಕಾಲಿಡಬೇಕಾಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ಮೂರು ಮಡಿಗಳನ್ನು ಸೊಂಟದೆತ್ತರಕ್ಕೆ ಕಟ್ಟಿಸಿದ್ದೇವೆ. ಬಗ್ಗಲಾಗದ ಅಜ್ಜಿಯರಿಗೆ, ಗಾಲಿಕುರ್ಚಿಯಲ್ಲಿ ಬರುವ ಒಬ್ಬ ತಂದೆಗೆ.

ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಕ್ಕಳೇ ಗಿಡಗಳಿಗೆ ಹಾಕುವ ಜೀವಾಮೃತ ಎಂಬ ದ್ರವ ಗೊಬ್ಬರ ಮಾಡುತ್ತಾರೆ. 20 ಲೀಟರ್ ನೀರಿಗೆ ಒಂದು ಕಿಲೋ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು. ನೆರಳಿನಲ್ಲಿಟ್ಟು ಎರಡು ದಿನ ಬೆಳಿಗ್ಗೆ, ಸಂಜೆ ಕೋಲಿನಿಂದ ತಿರುಗಿಸುವ ಸರದಿಗೆ ಏಳನೇ ತರಗತಿಯಲ್ಲಿ ಪೈಪೋಟಿಯೇ ನಡೆಯುತ್ತದೆ. ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದವರು ಇವರೇ.

ನಮ್ಮ ಮಕ್ಕಳ ಊಟದ ವಿಷಯವನ್ನು ನೇರವಾಗಿ ಹೇಳುತ್ತೇನೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಗೂಲಿಯ ಮನೆಯಲ್ಲಿ ಸೊಪ್ಪಿನ ಬೆಲೆ ಏರಿದ ವಾರ ಬರೀ ಉಪ್ಪುಸಾರು, ಮುದ್ದೆ. ಒಂದು ಮಡಿ ಸೊಪ್ಪಿನಿಂದ ರಕ್ತಹೀನತೆ ಓಡಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಮೊಟ್ಟೆ, ಕಾಳು, ಕಬ್ಬಿಣಾಂಶದ ಮಾತ್ರೆ ಎಲ್ಲವೂ ಬೇಕು. ಆದರೆ ವಾರಕ್ಕೆ ಮೂರು ದಿನ ದಂಟು, ಹರಿವೆ, ಸಬ್ಬಸಿಗೆ, ಗಣಿಕೆ ಸೇರಿದ ಬೆರಕೆ ಸೊಪ್ಪಿನ ಸಾರು ತಟ್ಟೆಗೆ ಬರುವುದು ಸಣ್ಣ ಮಾತಲ್ಲ. ಬೇಲಿಗೆ ಬಸಳೆ ಹಬ್ಬಿಸಿದ್ದೇವೆ, ಮೂಲೆಯಲ್ಲಿ ನುಗ್ಗೆ ಇದೆ.

ಮಡಿಗಳನ್ನು ಚೀಟಿ ಎತ್ತಿ ಹಂಚುತ್ತೇವೆ. ಸ್ವಂತ ಮನೆ, ನಿವೇಶನ ಇರುವವರಿಗೆ ಇಲ್ಲ. ಜಾತಿ, ಧರ್ಮ, ಓಣಿ ಎಂದು ಸಾಲು ಬೇರೆ ಮಾಡುವುದಿಲ್ಲ. ಎಲ್ಲರಿಗೂ ಒಂದೇ ನಲ್ಲಿ, ಒಂದೇ ಗುದ್ದಲಿ ಕೋಣೆ. ಬೆಳೆದವರ ಬೆಳೆ ಅವರದ್ದೇ, ಪಾಲು ಕೇಳುವುದಿಲ್ಲ. ಬಿಸಿಯೂಟದ ಅಡುಗೆಮನೆಗೆಂದು ಎರಡು ಮಡಿ ಮಾತ್ರ ಬೇರೆಯಾಗಿ ಇರುತ್ತವೆ. ಪಾಲು ಕೇಳಿದರೆ ಶಾಲೆಗೆ ಅನುಕೂಲವಾಗುತ್ತಿತ್ತು ಎಂದು ಸಭೆಯಲ್ಲಿ ಮಾತು ಬಂತು. ನಾನು ಒಪ್ಪಲಿಲ್ಲ. ದಿನವೆಲ್ಲ ಬೇರೆಯವರಿಗಾಗಿ ದುಡಿದು ಬಂದವರಿಗೆ ಪೂರ್ತಿ ತಮ್ಮದು ಎನ್ನುವ ಕೆಲಸ ಒಂದಾದರೂ ಇರಲಿ.

ನೀರು ದೊಡ್ಡ ಚಿಂತೆ. ಗೊರೂರಿನಿಂದ ಬರುವ ಹೇಮಾವತಿ ಕುಡಿಯುವ ನೀರು. ಬೇಸಿಗೆಯಲ್ಲಿ ಅದನ್ನು ಗಿಡಕ್ಕೆ ಸುರಿಯುವುದು ಸರಿಯಲ್ಲ. ಸಾವಿರ ಚದರ ಅಡಿ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರಾಗುತ್ತದೆ. ಶಾಲೆಯ ಚಾವಣಿ ಅದರ ಮೂರರಷ್ಟಿದೆ. ಅದೆಲ್ಲ ಈಗ ಚರಂಡಿಗೆ ಹೋಗುತ್ತಿದೆ.

ಬೇಕಾದ ಹಣ ಇಷ್ಟು: ಒಂದು ಮಡಿಗೆ 3,500 ರೂಪಾಯಿಯಂತೆ 28 ಮಡಿಗಳಿಗೆ 98,000, ಮಳೆ ನೀರಿನ ತೊಟ್ಟಿ, ಕೊಳವೆ, ಶೋಧಕಕ್ಕೆ 85,000, ಬೇಲಿ ಮತ್ತು ಗೇಟಿಗೆ 55,000. ಒಟ್ಟು 2,38,000 ರೂಪಾಯಿ. ಮೊದಲ 12 ಮಡಿಗಳನ್ನು ಹಳೆಯ ವಿದ್ಯಾರ್ಥಿಗಳು ಕಟ್ಟಿಸಿಕೊಟ್ಟರು. ಒಂದು ಮಡಿ ಪೂರ್ತಿ ಕೊಡಲಾಗದಿದ್ದರೆ ನೂರು ರೂಪಾಯಿ ಕೊಡಿ. ರಸೀದಿ ನೂರಕ್ಕೂ ಅದೇ. ದಾನಿಗಳ ಹೆಸರನ್ನು ಮಡಿಯ ಮೇಲೆ ಬರೆಸುವುದಿಲ್ಲ, ದಯವಿಟ್ಟು ಬೇಸರಿಸಬೇಡಿ. ಮಡಿಯ ಮೇಲೆ ಬೆಳೆಯುವವರ ಹೆಸರಿರುತ್ತದೆ. ಆದಾಯ ತೆರಿಗೆ ವಿನಾಯಿತಿ ಬೇಕಾದವರು 2,000 ರೂಪಾಯಿಗೆ ಮೀರಿದ್ದನ್ನು ನಗದಾಗಿ ಕೊಡದೆ ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಬೇಕು.

ಹಣವಲ್ಲದೆ ಕೊಡುವುದೂ ಬಹಳವಿದೆ. ಸಕಲೇಶಪುರ ಕಡೆಯ ತೋಟದವರು ಕೊಳೆತು ಮಾಗಿದ ಕಾಫಿ ಸಿಪ್ಪೆಯ ಗೊಬ್ಬರ ಒಂದು ಲೋಡ್ ಕಳುಹಿಸಬಹುದು. ಮನೆಯ ಅಜ್ಜಿ ಬೂದಿಯಲ್ಲಿಟ್ಟ ನಾಟಿ ಅವರೆ, ಹೀರೆ, ಸೋರೆ ಬೀಜಗಳಿದ್ದರೆ ಒಂದು ಚಿಟಿಕೆ ಕೊಡಿ, ಮುಂದಿನ ವರ್ಷ ಎರಡು ಚಿಟಿಕೆ ಹಿಂತಿರುಗಿಸುತ್ತೇವೆ. ಗಾರೆ ಕೆಲಸ ಬಲ್ಲವರು ಒಂದು ಭಾನುವಾರ ಬಂದರೆ ಒಂದು ಮಡಿಯ ಕೂಲಿ ಉಳಿಯುತ್ತದೆ.

ರೋಹಿಣಿ ಮಳೆಯೊಳಗೆ ಇಟ್ಟಿಗೆ ಕೆಲಸ ಮುಗಿದರೆ ಮೃಗಶಿರದಲ್ಲಿ ಬಿತ್ತಬಹುದು. ತಡವಾದರೆ ಒಂದು ಮುಂಗಾರು ಹೋಯಿತು. 28 ಕುಟುಂಬಗಳ ಹೆಸರು ಈಗಾಗಲೇ ಪುಸ್ತಕದಲ್ಲಿದೆ.

ಕೊಡುವ ಮೊದಲು ಬಂದು ನೋಡಿ. ಭಾನುವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಹಿಂದಿನ ಗೇಟು ತೆರೆದಿರುತ್ತದೆ. ಒಳಗೆ ಬಂದ ಕೂಡಲೇ ಎಡಗಡೆಯ ಮೊದಲ ಮಡಿ ಆ ಹುಡುಗಿಯ ಮನೆಯವರದು. ಪೇಂಟ್ ಡಬ್ಬದ ದೊಡ್ಡಪತ್ರೆ ಅದರ ಮೂಲೆಯಲ್ಲಿದೆ. ಕಡ್ಡಿ ಕೇಳಿದರೆ ಮುರಿದು ಕೊಡುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ,
ಶಾಲಾ ಆಡಳಿತ ಮಂಡಳಿಯ ಪರವಾಗಿ, ಹಾಸನ