ಬೆಳಗ್ಗಿನ ಹೊಗೆ ಬಗ್ಗೆ ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಪಯಸ್ವಿನಿ ಹೊಳೆಬದಿಯಲ್ಲಿ ಬೆಳಗ್ಗೆ ತೋಟದ ಮೇಲೆ ಕಾಣುವುದು ಬರೀ ಮಂಜಲ್ಲ, ಹೊಗೆಯೂ ಇದೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ. ಗುಡ್ಡದ ತಂಪು ಗಾಳಿ ಇಳಿದು ಬಂದು ಹೊಳೆಬದಿಯಲ್ಲೇ ನಿಲ್ಲುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ. ಆಗ ಹೊಗೆ ಮೇಲೆ ಹೋಗುವುದೇ ಇಲ್ಲ. ಬಿಸಿಲೇರಿ ನೆಲ ಕಾದ ಮೇಲೆಯೇ ಚದುರುವುದು. ಮಳೆಗಾಲದಲ್ಲಾದರೆ ಮಳೆಯೇ ಗಾಳಿಯನ್ನು ತೊಳೆಯುತ್ತದೆ, ಈಗ ಅದೂ ಇಲ್ಲ ಅಲ್ವಾ?

ನಮ್ಮಮ್ಮನಿಗೆ ಮೂರು ದಿನದಿಂದ ಕೆಮ್ಮು ಜಾಸ್ತಿ. ಹೊಗೆಯಲ್ಲಿರುವ 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ. ದಮ್ಮು ಇರುವ ಹಿರಿಯರು, ಸಣ್ಣ ಮಕ್ಕಳು ಬಿಸಿಲು ಬಂದ ಮೇಲೆ ಹೊರಗೆ ಬರಲಿ. ದಯವಿಟ್ಟು ಸೋಗೆ, ತರಗೆಲೆ ಸುಡಬೇಡಿ, ಅಡಿಕೆ ಬುಡಕ್ಕೆ ಹಾಕಿ. ಪ್ಲಾಸ್ಟಿಕ್ ಅಂತೂ ಯಾವ ಹೊತ್ತಿಗೂ ಬೇಡ.